ವಕೀಲರನ್ನು ಗೊತ್ತುಮಾಡುವ ಮುನ್ನ



ನೀವು ವ್ಯಾಪಾರಿಯೊಬ್ಬರಿಗೆ ಕರೆಯುವ ಹಸುವೊಂದನ್ನು ಮಾರಿದಿರಿ ಎಂದಿಟ್ಟುಕೊಳ್ಳಿ. ಅರ್ಧ ಹಣ ಕೈಗೆ ಬಂತು, ಉಳಿದ 40,000 ರೂಪಾಯಿಗೆ ಚೆಕ್ಕು ಬಂತು. ಚೆಕ್ಕನ್ನು ಬ್ಯಾಂಕಿಗೆ ಹಾಕಿದಿರಿ, ಖಾತೆಯಲ್ಲಿ ಹಣವಿಲ್ಲವೆಂದು ವಾಪಸು ಬಂತು. ವ್ಯಾಪಾರಿಗೆ ಫೋನ್ ಮಾಡಿದರೆ "ಮುಂದಿನ ಸಂತೆಗೆ ಕೊಡ್ತೀನಿ ಅಣ್ಣ" ಎಂಬ ಉತ್ತರ. ಒಂದು ಸಂತೆ ಹೋಯಿತು, ಎರಡು ಹೋಯಿತು, ಊರ ಹಿರಿಯರ ಮುಂದೆ ಪಂಚಾಯ್ತಿಯೂ ಆಯಿತು. ಒಂದೂವರೆ ತಿಂಗಳು ಕಳೆದ ಮೇಲೆ ನೀವು ತಾಲ್ಲೂಕು ಕೇಂದ್ರಕ್ಕೆ ಹೋಗಿ ವಕೀಲರ ಕಚೇರಿ ಹುಡುಕಿದಿರಿ. ವಕೀಲರು ಬ್ಯಾಂಕಿನ ಚೀಟಿ ನೋಡಿ ಕೇಳುವ ಮೊದಲ ಪ್ರಶ್ನೆ: "ನೋಟಿಸ್ ಕೊಟ್ಟಿದ್ದೀರಾ?"

ಚೆಕ್ ಬೌನ್ಸ್ ಪ್ರಕರಣದಲ್ಲಿ ಕಾನೂನು ಕೊಟ್ಟಿರುವ ಕಾಲಾವಕಾಶ ಬಹಳ ಬಿಗಿ. ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ನಿಮಗೆ ತಿಳಿದ 30 ದಿನಗಳೊಳಗೆ ಹಣ ಕೇಳಿ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ದಾಖಲಿಸಬೇಕು. ದೂರು ಸ್ವಲ್ಪ ತಡವಾದರೆ ತಕ್ಕ ಕಾರಣ ತೋರಿಸಿ ಕೋರ್ಟಿನ ಕ್ಷಮೆ ಕೇಳಬಹುದು. ನೋಟಿಸ್ ತಡವಾದರೆ ಹಾಗೆ ಕೇಳಲು ದಾರಿಯಿಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸು ಬಂದರೆ ಹೊಸದಾಗಿ ದಿನ ಎಣಿಸಬಹುದು. ಅದೂ ಮುಗಿದಿದ್ದರೆ ಉಳಿಯುವುದು ಮೂರು ವರ್ಷದೊಳಗೆ ಹಾಕಬಹುದಾದ ಹಣ ವಸೂಲಿಯ ಸಿವಿಲ್ ದಾವೆ ಮಾತ್ರ. ಅದು ಉದ್ದನೆಯ ದಾರಿ.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇದೆ. ಆ ಭಯದಿಂದಲೇ ನಮ್ಮ ಅನೇಕ ಸದಸ್ಯರು ವಕೀಲರ ಹತ್ತಿರ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹೋದಾಗ ಗಾಬರಿಯಲ್ಲಿ ಮೊದಲು ಸಿಕ್ಕವರಿಗೆ ಸಹಿ ಹಾಕಿಕೊಡುತ್ತಾರೆ. ವಕೀಲರನ್ನು ಕಾಣುವುದು ಬೇರೆ, ಕೇಸು ಹಾಕುವುದು ಬೇರೆ. ಸಲಹೆ ಕೇಳಿ, ನೋಟಿಸ್ ಮಾತ್ರ ಕೊಡಿಸಿ, ಆಮೇಲೆ ರಾಜಿ ಮಾಡಿಕೊಂಡರೂ ಯಾರೂ ಬೇಡವೆನ್ನುವುದಿಲ್ಲ. ನೋಟಿಸ್ ಹೋದ ಮೇಲೆ ರಾಜಿ ಮಾತು ಸ್ವಲ್ಪ ಬೇಗ ಮುಗಿಯುವುದೂ ಉಂಟು.

ಮೊದಲು ತಕರಾರು ಎಲ್ಲಿಗೆ ಸೇರಿದ್ದು ಎಂದು ತಿಳಿಯಿರಿ

ಕಾನೂನಿನ ಪ್ರಕಾರ ಸನ್ನದು ಪಡೆದ ಯಾವ ವಕೀಲರೂ ದೇಶದ ಯಾವ ನ್ಯಾಯಾಲಯದಲ್ಲಾದರೂ ವಾದಿಸಬಹುದು. ಕಣ್ಣಿಗೆ ಒಬ್ಬರು, ಮೂಳೆಗೆ ಒಬ್ಬರು ಎಂದು ವೈದ್ಯರಲ್ಲಿರುವಂತೆ ವಕೀಲರಲ್ಲಿ ಪದವಿಯ ವಿಂಗಡಣೆ ಇಲ್ಲ. ತಮ್ಮ ನಾಮಫಲಕದಲ್ಲಿ "ಜಮೀನು ವ್ಯಾಜ್ಯದ ಪರಿಣತರು" ಎಂದು ಬರೆದುಕೊಳ್ಳಲು ಭಾರತೀಯ ವಕೀಲರ ಪರಿಷತ್ತಿನ ನಿಯಮ ಬಿಡುವುದಿಲ್ಲ, ಜಾಹೀರಾತು ಕೊಡುವಂತೆಯೂ ಇಲ್ಲ. ಆದರೆ ಅನುಭವದಲ್ಲಿ ವಿಂಗಡಣೆ ಇದ್ದೇ ಇದೆ. ಇಪ್ಪತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದವರಿಗೆ ಪಹಣಿ ತಿದ್ದುಪಡಿಯ ಒಳಸುಳಿ ಗೊತ್ತಿರಬೇಕೆಂದೇನೂ ಇಲ್ಲ. ಬೋರ್ಡು ನೋಡಿದರೆ ಇದು ತಿಳಿಯುವುದಿಲ್ಲ, ನೀವೇ ಬಾಯಿಬಿಟ್ಟು ಕೇಳಬೇಕು. ಕೇಳಬೇಕಾದರೆ ನಿಮ್ಮ ತಕರಾರು ಯಾವ ಕಚೇರಿಗೆ, ಯಾವ ಕೋರ್ಟಿಗೆ ಸೇರಿದ್ದೆಂಬ ಅಂದಾಜು ನಿಮಗಿರಬೇಕು.

ಜಮೀನಿನ ವಿಷಯದಲ್ಲಿ ಗೊಂದಲ ಹೆಚ್ಚು. ಖಾತೆ ಬದಲಾವಣೆ, ಮ್ಯುಟೇಷನ್ ತಕರಾರು, ಪಹಣಿಯ ಹೆಸರು ತಪ್ಪು ಇಂಥವು ತಹಶೀಲ್ದಾರರಿಂದ ಶುರುವಾಗಿ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ತನಕ ಹೋಗುವ ಕಂದಾಯ ಇಲಾಖೆಯ ದಾರಿ. ಜಮೀನು ನಿಜವಾಗಿ ಯಾರದು, ಪಾಲು ಯಾರಿಗೆಷ್ಟು ಎಂಬುದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಬಂತೆಂದು ನಂಬಿ ವರ್ಷಗಟ್ಟಲೆ ಕಂದಾಯ ಕಚೇರಿಗಳಲ್ಲೇ ಅಲೆದವರಿದ್ದಾರೆ. ಎರಡೂ ಕಡೆ ಓಡಾಡಿ ಗೊತ್ತಿರುವ ವಕೀಲರು ಮೊದಲ ದಿನವೇ ಈ ವ್ಯತ್ಯಾಸ ಹೇಳಿಬಿಡುತ್ತಾರೆ. ಹೇಳದವರು ಜಮೀನಿನ ಕೇಸಿಗೆ ತಕ್ಕವರಲ್ಲ ಎಂದೇ ನನ್ನ ಅಭಿಪ್ರಾಯ.

ಸಂಘಕ್ಕೆ ಸಂಬಂಧಿಸಿದ ತಕರಾರಿನ ದಾರಿ ಬೇರೆಯೇ. ಸದಸ್ಯತ್ವ, ಆಡಳಿತ ಮಂಡಳಿಯ ಚುನಾವಣೆ, ಸಂಘದ ವ್ಯವಹಾರ, ಬಟವಾಡೆಯ ಲೆಕ್ಕ ಇಂಥವುಗಳ ವಿವಾದ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಪ್ರಕರಣದಡಿ ಸಹಕಾರ ಸಂಘಗಳ ನಿಬಂಧಕರ ಮುಂದೆ ಹೋಗಬೇಕು. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದರೆ ಅಧಿಕಾರ ವ್ಯಾಪ್ತಿಯಿಲ್ಲವೆಂದು ವಾಪಸು ಬರುತ್ತದೆ. ಅಷ್ಟರಲ್ಲಿ ವರ್ಷ ಕಳೆದಿರುತ್ತದೆ. ಸಹಕಾರ ಕಾಯ್ದೆಯ ಕೇಸು ನಡೆಸುವವರು ಪ್ರತಿ ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ. ಜಿಲ್ಲಾ ಕೇಂದ್ರದ ಉಪನಿಬಂಧಕರ ಕಚೇರಿಗೆ ನಿತ್ಯ ಬಂದುಹೋಗುವ ವಕೀಲರು ಯಾರೆಂದು ವಿಚಾರಿಸಿದರೆ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. "ಒಕ್ಕೂಟದ ವಕೀಲರನ್ನೇ ನಮಗೆ ಕೊಡಿಸಿ" ಎಂದು ಸದಸ್ಯರು ಕೇಳುವುದುಂಟು. ಒಕ್ಕೂಟದ ವಕೀಲರು ಒಕ್ಕೂಟಕ್ಕೆ ವಕೀಲರು. ನಿಮ್ಮ ತಕರಾರು ಸಂಘದ ಜೊತೆಗೋ ಒಕ್ಕೂಟದ ಜೊತೆಗೋ ಇದ್ದರೆ ಅವರು ನಿಮ್ಮ ಪರ ನಿಲ್ಲುವಂತಿಲ್ಲ, ನೀವು ಕೇಳಲೂಬಾರದು. ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ಹಾಜರಾಗಬಾರದೆಂಬುದು ವೃತ್ತಿಯ ನಿಯಮ. ಪಾಲು ವಿಭಾಗದಲ್ಲಿ ಅಣ್ಣ ತಮ್ಮ ಇಬ್ಬರೂ "ನಮ್ಮ ಮನೆ ವಕೀಲರು" ಎಂದು ಒಬ್ಬರ ಹತ್ತಿರವೇ ಹೋಗುವುದಿದೆಯಲ್ಲ, ಅಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಎಲ್ಲರೂ ಒಪ್ಪಿ ವಿಭಾಗ ಪತ್ರ ಬರೆಸುವುದಾದರೆ ಒಬ್ಬರೇ ಸಾಕು. ಒಪ್ಪಿಗೆ ಮುರಿದ ದಿನ ನಿಮ್ಮದೇ ವಕೀಲರು ಬೇಕು.

ರಾಸು ವಿಮೆಯ ಪರಿಹಾರ ನಿರಾಕರಣೆ, ಹಾಲು ಕರೆಯುವ ಯಂತ್ರದ ದೋಷ, ಕಳಪೆ ಪಶು ಆಹಾರ ಇವು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುವ ವಿಷಯ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಬೆಲೆ ಅಥವಾ ವಿಮಾ ಕಂತು ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ನಿಂತು ಹೇಳಿಕೊಳ್ಳಬಹುದು. ಹಸು ಸತ್ತಾಗಿನ ಪಶುವೈದ್ಯರ ಪ್ರಮಾಣಪತ್ರ, ಕಿವಿಯೋಲೆಯ ಸಂಖ್ಯೆ, ಫೋಟೋ, ಕಂಪನಿಯ ನಿರಾಕರಣೆ ಪತ್ರ ಎಲ್ಲವೂ ಸರಿಯಿದ್ದು ವಿಷಯ ಸರಳವಾಗಿದ್ದರೆ ದೂರು ಬರೆಸಲು ಮಾತ್ರ ವಕೀಲರ ಸಹಾಯ ಪಡೆದರೂ ನಡೆಯುತ್ತದೆ. ಕಿವಿಯೋಲೆ ಬಿದ್ದುಹೋಗಿತ್ತು, ಸತ್ತದ್ದು ಬೇರೆ ಹಸು ಎಂದು ಕಂಪನಿ ತಕರಾರು ಎತ್ತಿದ್ದರೆ ಮಾತ್ರ ವಿಮೆ ಕೇಸು ನಡೆಸಿದ ಅನುಭವವಿರುವವರನ್ನು ಹಿಡಿಯಿರಿ.

ದೂರದ ಊರಿನ ವಕೀಲರು ಬೇಕೇ?

ಎದುರು ಪಕ್ಷದವರು ಬೇರೆ ಜಿಲ್ಲೆಯವರಾದರೆ ಅಲ್ಲಿಗೇ ಹೋಗಿ ಕೇಸು ಹಾಕಬೇಕೆಂದು ಅನೇಕರು ತಿಳಿದಿದ್ದಾರೆ. ಮೇಲೆ ಹೇಳಿದ ಚೆಕ್ಕಿನ ಪ್ರಕರಣದಲ್ಲಿ ನೀವು ಚೆಕ್ಕು ಹಾಕಿದ ನಿಮ್ಮ ಖಾತೆಯಿರುವ ಬ್ಯಾಂಕ್ ಶಾಖೆ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲೇ ದೂರು ದಾಖಲಾಗುತ್ತದೆ. ವ್ಯಾಪಾರಿ ಎಲ್ಲಿಯವರಾದರೂ ಅವರೇ ನಿಮ್ಮ ತಾಲ್ಲೂಕಿಗೆ ಬರಬೇಕು. ರಸ್ತೆ ಅಪಘಾತದ ಪರಿಹಾರ ಅರ್ಜಿಯನ್ನೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲಿ ಸಲ್ಲಿಸಬಹುದು. ಹಸು ಕಟ್ಟಿದವರು ಬೆಳಿಗ್ಗೆ ಕರೆದು, ಡೇರಿಗೆ ಹಾಲು ಹಾಕಿ, ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಬೇಕು. ಆ ಲೆಕ್ಕದಲ್ಲಿ ಬಸ್ಸಿಗೆ ಒಂದು ಗಂಟೆಯೊಳಗೆ ಸಿಗುವ ವಕೀಲರು, ಹೆಸರಾಂತ ದೂರದ ವಕೀಲರಿಗಿಂತ ಬಹುಪಾಲು ಕೇಸುಗಳಿಗೆ ವಾಸಿ. ಹೈಕೋರ್ಟಿನ ಹಂತ ಬಂದಾಗ ಮಾತ್ರ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಕೆಲಸ ಮಾಡುವವರು ಬೇಕಾಗುತ್ತಾರೆ. ಅದಕ್ಕೆ ಸಾಮಾನ್ಯವಾಗಿ ನಿಮ್ಮ ತಾಲ್ಲೂಕಿನ ವಕೀಲರೇ ದಾರಿ ತೋರಿಸುತ್ತಾರೆ.

ಹುಡುಕುವುದು ಹೇಗೆ

ಹಸು ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಮಾರುವವನ ಮಾತು ಕೇಳಿ ಹಗ್ಗ ಹಿಡಿಯುವುದಿಲ್ಲ. ಎರಡು ಹೊತ್ತು ಕರೆದು ನೋಡುತ್ತೀರಿ, ಅಕ್ಕಪಕ್ಕದ ಕೊಟ್ಟಿಗೆಯವರನ್ನು ವಿಚಾರಿಸುತ್ತೀರಿ. ವಕೀಲರ ವಿಷಯದಲ್ಲೂ ಹಾಗೆಯೇ ಮಾಡಿ. ನಿಮ್ಮಂಥದೇ ಕೇಸು ನಡೆಸಿದ ಇಬ್ಬರು ಮೂವರನ್ನು ಕೇಳಿ. ಗೆದ್ದವರನ್ನು ಮಾತ್ರ ಕೇಳಬೇಡಿ. ಸೋತವರೂ "ಕೇಸು ಹೋಯಿತು, ಆದರೆ ವಕೀಲರು ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ" ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಶಿಫಾರಸು ಬೇರೆ ಬೇಡ.

ಇನ್ನೊಂದು ದಾರಿ ಯಾರೂ ಬಳಸುವುದಿಲ್ಲ, ಖರ್ಚಿಲ್ಲದ್ದು. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಬೆಳಿಗ್ಗೆ ಹಾಲು ಹಾಕಿ ಹನ್ನೊಂದು ಗಂಟೆಗೆ ನಿಮ್ಮ ತಾಲ್ಲೂಕಿನ ಸಿವಿಲ್ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಮೊಬೈಲ್ ಬಂದ್ ಮಾಡಿ ಅರ್ಧ ದಿನ ಕುಳಿತುಬಿಡಿ. ಕೇಸು ಕೂಗಿದಾಗ ಯಾರು ಎದ್ದು ನಿಲ್ಲುತ್ತಾರೆ, ಯಾರ ಕಿರಿಯರು ಬಂದು ವಾಯಿದೆ ಕೇಳುತ್ತಾರೆ, ಸಾಕ್ಷಿಯನ್ನು ಯಾರು ಸಮಾಧಾನವಾಗಿ ಪ್ರಶ್ನಿಸುತ್ತಾರೆ, ನ್ಯಾಯಾಧೀಶರು ಕೇಳಿದ ಕಾಗದ ಯಾರ ಕಡತದಲ್ಲಿ ಕೂಡಲೇ ಸಿಗುತ್ತದೆ, ಇಷ್ಟು ನೋಡಿದರೆ ಸಾಕು. ಗಟ್ಟಿಯಾಗಿ ಮಾತಾಡುವವರು ಒಳ್ಳೆಯ ವಕೀಲರೆಂಬ ಭ್ರಮೆ ಅರ್ಧ ದಿನದಲ್ಲಿ ಇಳಿದುಹೋಗುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ, ಕೋರ್ಟಿನ ಗೇಟಿನಲ್ಲಿ, ತಾಲ್ಲೂಕು ಕಚೇರಿಯ ಜೆರಾಕ್ಸ್ ಅಂಗಡಿಯಲ್ಲಿ ನಿಂತು "ನಮ್ಮ ಲಾಯರ್ ಹತ್ರ ಬನ್ನಿ" ಎಂದು ಕರೆಯುವವರಿಂದ ದೂರವಿರಿ. ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದನ್ನು ವೃತ್ತಿಯ ನಿಯಮ ನಿಷೇಧಿಸಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ನಸುಕಿನಲ್ಲಿ ಬೈಕಿನಲ್ಲಿ ಹೋಗುವಾಗ ಅಪಘಾತವಾದವರ ಮನೆಗೆ ಇಂಥವರು ಮೂರನೇ ದಿನಕ್ಕೇ ಬರುತ್ತಾರೆ. ಮನೆಯವರು ದುಃಖದಲ್ಲಿರುವಾಗ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂದಿರುವುದರಿಂದ ತಡ ಮಾಡುವುದೂ ಬೇಡ. ಆದರೆ ಆರು ತಿಂಗಳಲ್ಲಿ ನಾಲ್ಕು ಜನರನ್ನು ವಿಚಾರಿಸಲು ಖಂಡಿತ ಸಮಯವಿದೆ.

ನೋಟರಿ, ಪತ್ರ ಬರಹಗಾರರು, ನಿವೃತ್ತ ಗುಮಾಸ್ತರು ಇವರೆಲ್ಲ ಉಪಕಾರಿಗಳೇ. ಆದರೆ ವಕೀಲರ ಸನ್ನದು ಇಲ್ಲದ ಪತ್ರ ಬರಹಗಾರರೋ ಗುಮಾಸ್ತರೋ ಕೋರ್ಟಿನಲ್ಲಿ ನಿಮ್ಮ ಪರ ವಾದಿಸಲಾರರು. ವಕೀಲರಿಗೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಅನುಮಾನವಿದ್ದರೆ ಆ ಸಂಖ್ಯೆ ಕೇಳಿ, ಅಲ್ಲಿನ ವಕೀಲರ ಸಂಘದಲ್ಲಿ ವಿಚಾರಿಸಿ. ಕೇಳುವುದರಲ್ಲಿ ಅವಮಾನವೇನಿಲ್ಲ.

ಮೊದಲ ಭೇಟಿ

ಹೋಗುವ ಹಿಂದಿನ ರಾತ್ರಿ, ಓದುಬರಹ ಬಲ್ಲ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಒಂದು ಹಾಳೆಯಲ್ಲಿ ನಡೆದದ್ದನ್ನು ದಿನಾಂಕದ ಪ್ರಕಾರ ಬರೆಸಿ. ಯಾವಾಗ ಕೊಂಡದ್ದು, ಯಾವಾಗ ಕೊಟ್ಟದ್ದು, ಯಾರು ಎದುರಿಗಿದ್ದರು, ಯಾವ ಕಾಗದ ಯಾರ ಹತ್ತಿರವಿದೆ. ಜಮೀನಿನ ವಿಷಯವಾದರೆ ಪಹಣಿ, ಮ್ಯುಟೇಷನ್ ಪ್ರತಿ, ಋಣಭಾರ ಪತ್ರ, ವಂಶವೃಕ್ಷ, ಇರುವ ಕ್ರಯಪತ್ರ ಇವುಗಳ ಜೆರಾಕ್ಸ್ ಇಟ್ಟುಕೊಳ್ಳಿ. ಮೂಲ ಪತ್ರಗಳನ್ನು ತೋರಿಸಿ, ಕೊಟ್ಟು ಬರಬೇಡಿ. ಮುಂದೆ ಕೋರ್ಟಿಗೆ ಮೂಲ ಪತ್ರವೇ ಹಾಜರು ಮಾಡಬೇಕಾದಾಗ ಪಟ್ಟಿ ಮಾಡಿ, ಪಟ್ಟಿಯ ಮೇಲೆ ವಕೀಲರ ಸಹಿ ಪಡೆದು ಕೊಡಿ.

ವಕೀಲರ ಹತ್ತಿರ ಮುಚ್ಚಿಡಬೇಡಿ. ನೀವು ಹೇಳಿದ ಗುಟ್ಟನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಹೇಳದಂತೆ ಕಾನೂನೇ ಅವರನ್ನು ಕಟ್ಟಿಹಾಕಿದೆ. ಕೈಸಾಲ ಪಡೆದದ್ದು, ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಂಡದ್ದು, ಬೇಲಿ ಎರಡು ಅಡಿ ಆಚೆ ಸರಿಸಿದ್ದು ಎಲ್ಲವೂ ಎದುರು ಪಕ್ಷಕ್ಕೆ ಗೊತ್ತೇ ಇರುತ್ತದೆ. ಗೊತ್ತಿಲ್ಲದೆ ಉಳಿಯುವವರು ನಿಮ್ಮ ವಕೀಲರು ಮಾತ್ರ.

ನೀವು ಕೇಳಬೇಕಾದ್ದೂ ಇದೆ. ಇಂಥ ಕೇಸು ಇದೇ ಕೋರ್ಟಿನಲ್ಲಿ ನಡೆಸಿದ್ದೀರಾ? ದಿನವೂ ಕೋರ್ಟಿಗೆ ನೀವೇ ಬರುತ್ತೀರಾ, ಕಿರಿಯರು ಬರುತ್ತಾರಾ? ಕಿರಿಯರು ಬರುವುದು ತಪ್ಪಲ್ಲ, ಯಾರೆಂದು ನಿಮಗೆ ಗೊತ್ತಿರಬೇಕು, ಅಷ್ಟೆ. ಸಾಕ್ಷಿ ಮತ್ತು ವಾದದ ದಿನ ಹಿರಿಯರು ಇರುತ್ತಾರೆಯೇ? ರಾಜಿಗೆ, ಲೋಕ ಅದಾಲತ್ತಿಗೆ ಅವಕಾಶವಿದೆಯೇ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: "ನನ್ನ ಕೇಸಿನಲ್ಲಿ ದುರ್ಬಲ ಭಾಗ ಯಾವುದು?" ಈ ಪ್ರಶ್ನೆಗೆ ಯೋಚಿಸಿ ಉತ್ತರ ಹೇಳುವವರು ನಿಮ್ಮ ಕಾಗದ ಓದಿದ್ದಾರೆಂದು ಅರ್ಥ. "ಏನೂ ದುರ್ಬಲ ಇಲ್ಲ, ನೂರಕ್ಕೆ ನೂರು ಗೆಲ್ಲಿಸ್ತೀನಿ" ಎಂದರೆ ಚಹಾ ಕುಡಿದು ಎದ್ದುಬನ್ನಿ. "ಜಡ್ಜ್ ನಮಗೆ ಬೇಕಾದವರು" ಎಂದರೆ ಚಹಾ ಕುಡಿಯುವವರೆಗೂ ಕೂರಬೇಡಿ.

ಶುಲ್ಕದ ಮಾತು

ನಮ್ಮ ಜನ ಸಂಕೋಚಪಡುವುದು ಇಲ್ಲೇ. ಹಾಲಿನ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಡೇರಿಯಲ್ಲಿ ಕೇಳುವವರು ವಕೀಲರ ಮುಂದೆ ಫೀಸಿನ ಮಾತೆತ್ತಲು ಹಿಂಜರಿಯುತ್ತಾರೆ. "ನೋಡೋಣ, ಆಮೇಲೆ ಕೊಡಿ" ಎಂಬ ಮಾತಿಗೆ ಒಪ್ಪಿ ಬಂದರೆ ಆಮೇಲಿನ ಮನಸ್ತಾಪ ಗ್ಯಾರಂಟಿ.

ಕೇಸಿನ ಖರ್ಚು ಎಂದರೆ ವಕೀಲರ ಫೀಸು ಒಂದೇ ಅಲ್ಲ. ಸರ್ಕಾರಕ್ಕೆ ಹೋಗುವ ಕೋರ್ಟ್ ಶುಲ್ಕ, ನೋಟಿಸ್ ಜಾರಿಯ ಶುಲ್ಕ, ನಕಲು ಪಡೆಯುವ ಖರ್ಚು, ಟೈಪಿಂಗ್, ಅಳತೆಗೆ ಕಮಿಷನರ್ ನೇಮಕವಾದರೆ ಅವರ ಶುಲ್ಕ ಹೀಗೆ ಬೇರೆ ಬೇರೆ. ಇವುಗಳಲ್ಲಿ ಯಾವುದು ಫೀಸಿನಲ್ಲಿ ಸೇರಿದೆ, ಯಾವುದು ಹೊರಗೆ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಪೂರ್ತಿ ಹಣ ಒಂದೇ ಸಲ ಕೊಡುವ ಅಗತ್ಯವಿಲ್ಲ. ದಾವೆ ಹಾಕುವಾಗ ಇಷ್ಟು, ಸಾಕ್ಷಿ ಶುರುವಾದಾಗ ಇಷ್ಟು, ವಾದದ ಹೊತ್ತಿಗೆ ಉಳಿದದ್ದು ಎಂದು ಹಂತ ಮಾಡಿಕೊಳ್ಳಬಹುದು. ತಿಂಗಳಿಗೆ ಎರಡು ಬಟವಾಡೆಯ ಮೇಲೆ ಮನೆ ನಡೆಸುವವರಿಗೆ ಇದೇ ಅನುಕೂಲ, ಕೇಳಿದರೆ ಬಹಳಷ್ಟು ವಕೀಲರು ಒಪ್ಪುತ್ತಾರೆ. ಕೊಡುವ ಹಣವನ್ನು ಚೆಕ್ಕಿನಲ್ಲೋ ಫೋನ್ ಮೂಲಕವೋ ಕೊಡಿ. ನಗದು ಕೊಟ್ಟರೆ ರಸೀದಿ ಕೇಳಿ, ಕೊನೆಗೆ ನಿಮ್ಮ ಡೈರಿಯಲ್ಲಾದರೂ ಬರೆದಿಡಿ.

"ಈಗ ಒಂದು ಪೈಸೆ ಬೇಡ, ಪರಿಹಾರ ಬಂದಾಗ ಅದರಲ್ಲಿ ಶೇಕಡಾ ಇಷ್ಟು ಕೊಡಿ" ಎಂಬ ಒಪ್ಪಂದ ಅಪಘಾತದ ಕೇಸುಗಳಲ್ಲಿ, ಭೂಸ್ವಾಧೀನದ ಕೇಸುಗಳಲ್ಲಿ ಕೇಳಿಬರುತ್ತದೆ. ಕೇಸಿನ ಫಲದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿ ನಿಯಮಕ್ಕೆ ವಿರುದ್ಧ. ಕೈಯಲ್ಲಿ ಹಣವಿಲ್ಲದವರಿಗೆ ಅದು ಉಪಕಾರದಂತೆ ಕಾಣುವುದು ಸಹಜ. ಆದರೆ ತಂದೆಯನ್ನೋ ಗಂಡನನ್ನೋ ಕಳೆದುಕೊಂಡು ಬಂದ ಪರಿಹಾರದಲ್ಲಿ ದೊಡ್ಡ ಪಾಲು ಬೇರೆಯವರ ಖಾತೆಗೆ ಹೋಗುವುದನ್ನು ತಡೆಯಲು ಮುಂದೆ ಹೇಳುವ ಉಚಿತ ನೆರವಿನ ದಾರಿಯಿದೆ.

ಉಚಿತ ಕಾನೂನು ನೆರವು ಭಿಕ್ಷೆಯಲ್ಲ

ಇದನ್ನು ನಮ್ಮ ಮಹಿಳಾ ಸದಸ್ಯರು ಎರಡು ಸಲ ಓದಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಪ್ರಕರಣದ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಇವರೆಲ್ಲರಿಗೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ. ಹೆಸರಿನಲ್ಲಿ ಎರಡು ಎಕರೆ ಇದೆ, ಮನೆಯಲ್ಲಿ ಆರು ಹಸು ಇವೆ ಎಂಬ ಕಾರಣಕ್ಕೆ ಹೆಣ್ಣುಮಗಳಿಗೆ ಈ ನೆರವು ತಪ್ಪುವುದಿಲ್ಲ.

ಹೋಗಬೇಕಾದ್ದು ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು, ಬರೆಯಲು ಬಾರದಿದ್ದರೆ ಅಲ್ಲಿಯೇ ಬರೆದುಕೊಳ್ಳುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಶುಲ್ಕ, ನಕಲಿನ ಖರ್ಚುಗಳೂ ನೆರವಿನಲ್ಲಿ ಸೇರುತ್ತವೆ.

ಪುಕ್ಕಟೆ ವಕೀಲರು ಸರಿಯಾಗಿ ನಡೆಸುವುದಿಲ್ಲ ಎಂಬ ಮಾತು ಊರಿನಲ್ಲಿದೆ. ಚೆನ್ನಾಗಿ ನಡೆಸುವವರೂ ಇದ್ದಾರೆ, ಅಸಡ್ಡೆ ಮಾಡುವವರೂ ಇದ್ದಾರೆ. ಫೀಸು ಕೊಟ್ಟ ಕಡೆಯೂ ಪರಿಸ್ಥಿತಿ ಇದೇ. ಒಂದು ವ್ಯತ್ಯಾಸವೆಂದರೆ ಇಲ್ಲಿ ಕೇಳುವವರಿದ್ದಾರೆ: ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ನೇಮಿಸಿದ ವಕೀಲರು ಬರುತ್ತಿಲ್ಲವೆಂದೋ ಹಣ ಕೇಳುತ್ತಿದ್ದಾರೆಂದೋ ಅಲ್ಲಿ ಬರೆದುಕೊಟ್ಟು ಬೇರೆಯವರನ್ನು ಕೊಡುವಂತೆ ಕೇಳಬಹುದು.

ಗಂಡ ತೀರಿಕೊಂಡ ಮೇಲೆ ಭಾವಮೈದುನರು ಪಾಲು ಕೊಡದಿರುವುದು, ತವರಿನಲ್ಲಿ ಅಣ್ಣಂದಿರು ಖಾತೆ ತಮ್ಮ ಹೆಸರಿಗೆ ಮಾಡಿಕೊಂಡಿರುವುದು, ಇಂಥ ಸಂಕಟಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು "ಲಾಯರಿಗೆ ಕೊಡಲು ದುಡ್ಡೆಲ್ಲಿ" ಎಂದು ಸುಮ್ಮನಾಗುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕಿತ್ತು ಎಂಬ ತಕರಾರನ್ನೂ ಆ ತೀರ್ಪು ತೆಗೆದುಹಾಕಿತು. ಹಿಂದೆಯೇ ಆಗಿಹೋದ ವಿಭಾಗ, ಕೊಟ್ಟ ಹಕ್ಕು ಬಿಡುಗಡೆ ಪತ್ರ ಇದ್ದರೆ ಮಾತು ಬೇರೆಯಾಗಬಹುದು. ಅದನ್ನು ನೋಡಿ ಹೇಳಲಿಕ್ಕೇ ವಕೀಲರು ಬೇಕು. ಸಂಘದ ಕಚೇರಿಯಲ್ಲಿ ಯಾರಾದರೂ ರೇಷನ್ ಕಾರ್ಡಿಗೆ, ಬ್ಯಾಂಕ್ ಖಾತೆಗೆ ಬೇಕೆಂದು ಹೇಳಿ ಸಹಿ ಕೇಳಿದರೆ ಕಾಗದ ಓದಿಸದೆ ಹೆಬ್ಬೆಟ್ಟು ಒತ್ತಬೇಡಿ.

ವಕಾಲತ್ತಿಗೆ ಸಹಿ ಹಾಕಿದ ಮೇಲೆ

ವಕಾಲತ್‌ನಾಮೆ ಎಂಬುದು ನಿಮ್ಮ ಪರವಾಗಿ ನಡೆದುಕೊಳ್ಳಲು ನೀವು ಕೊಡುವ ಅಧಿಕಾರ ಪತ್ರ. ಅಚ್ಚು ಹಾಕಿದ ಆ ಹಾಳೆಯಲ್ಲಿ ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವೂ ಸೇರಿರುವುದುಂಟು. ಓದಿಸಿ ಕೇಳಿ. ಬೇಡದ್ದನ್ನು ಹೊಡೆದುಹಾಕಲು ಹೇಳಬಹುದು. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಯಾರು ಕೇಳಿದರೂ ಸಹಿ ಬೇಡ.

ಕೇಸು ದಾಖಲಾದ ಮೇಲೆ ಅದಕ್ಕೆ ಅಕ್ಷರ ಮತ್ತು ಅಂಕಿ ಸೇರಿ 16 ಸ್ಥಾನಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ. ವಕೀಲರಿಂದ ಅದನ್ನು ಬರೆಸಿಕೊಂಡು ಬನ್ನಿ. ಮಕ್ಕಳ ಮೊಬೈಲಿನಲ್ಲಿ ಇ-ಕೋರ್ಟ್ಸ್ ಸರ್ವಿಸಸ್ ಎಂಬ ಸರ್ಕಾರಿ ಆ್ಯಪ್ ಹಾಕಿಸಿ ಆ ಸಂಖ್ಯೆ ಒತ್ತಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ದಿನ ಏನಾಯಿತು, ಆದೇಶವೇನು ಎಂದು ಮನೆಯಲ್ಲೇ ಕುಳಿತು ನೋಡಬಹುದು. ಕೊಟ್ಟಿಗೆಯ ಕೆಲಸ ಬಿಟ್ಟು ತಾಲ್ಲೂಕಿಗೆ ಹೋಗಿ "ಇವತ್ತು ಮುಂದಕ್ಕೆ ಹಾಕಿದ್ರು" ಎಂದು ಕೇಳಿ ಬರುವ ಎಷ್ಟೋ ಓಡಾಟ ಇದರಿಂದ ಉಳಿಯುತ್ತದೆ. ನಿಮ್ಮ ವಕೀಲರು ಹೇಳುವುದಕ್ಕೂ ಅಲ್ಲಿ ಬರೆದಿರುವುದಕ್ಕೂ ತಾಳೆಯಾಗುತ್ತಿದೆಯೇ ಎಂಬುದೂ ತಿಳಿಯುತ್ತದೆ. ಪ್ರತಿವಾದಿಯಾಗಿ ನಿಮಗೇ ಸಮನ್ಸ್ ಬಂದಿದ್ದರೆ ಇದು ಇನ್ನೂ ಅಗತ್ಯ. ಹಾಜರಾಗದೆ ಉಳಿದರೆ ಏಕಪಕ್ಷೀಯವಾಗಿ ತೀರ್ಪು ಆಗಿಬಿಡುತ್ತದೆ. ಸಮನ್ಸ್ ಪಡೆಯದೆ ತಪ್ಪಿಸಿಕೊಂಡರೆ ಕೇಸೂ ತಪ್ಪುತ್ತದೆ ಎಂಬುದು ದೊಡ್ಡ ಭ್ರಮೆ.

ವಕೀಲರ ಕೈಕಟ್ಟುವ ಕಕ್ಷಿದಾರರೂ ಇದ್ದಾರೆ ಎಂಬುದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಸಾಕ್ಷಿಗಳನ್ನು ಕರೆತನ್ನಿ ಎಂದ ದಿನ ತಾರದವರು, ಕೇಳಿದ ಕಾಗದವನ್ನು ಆರು ತಿಂಗಳು ಕೊಡದವರು, ಊರಿನಲ್ಲಿ ಹತ್ತು ಜನರ ಸಲಹೆ ಕೇಳಿ ಬಂದು ದಿನಕ್ಕೊಂದು ಮಾತು ಹೇಳುವವರು. ಇಂಥವರ ಕೇಸು ಯಾವ ವಕೀಲರ ಕೈಯಲ್ಲೂ ಓಡುವುದಿಲ್ಲ.

ಬದಲಿಸಬೇಕಾಗಿ ಬಂದರೆ

ಒಂದು ವಾಯಿದೆ ಮುಂದೆ ಹೋಯಿತೆಂದು ವಕೀಲರನ್ನು ಬದಲಿಸಬೇಡಿ. ವಾಯಿದೆಗೆ ನ್ಯಾಯಾಧೀಶರ ರಜೆ, ಎದುರು ವಕೀಲರ ಅರ್ಜಿ, ಸಾಕ್ಷಿಯ ಗೈರು ಎಂದು ಹತ್ತು ಕಾರಣವಿರುತ್ತದೆ. ಆದರೆ ನಿಮ್ಮ ಕಡೆಯಿಂದ ಯಾರೂ ಹಾಜರಿಲ್ಲ ಎಂಬ ಮಾತು ಆದೇಶದಲ್ಲಿ ಮತ್ತೆ ಮತ್ತೆ ಕಂಡರೆ, ಫೋನ್ ಎತ್ತದಿದ್ದರೆ, ಲೆಕ್ಕ ಕೊಡದಿದ್ದರೆ ಬದಲಿಸುವ ಹಕ್ಕು ನಿಮಗಿದೆ. ಮೊದಲು ಎದುರು ಕುಳಿತು ಮಾತಾಡಿ. ಆಗದಿದ್ದರೆ ಬಾಕಿ ಫೀಸು ಚುಕ್ತಾ ಮಾಡಿ ನಿರಾಕ್ಷೇಪಣಾ ಒಪ್ಪಿಗೆ ಕೇಳಿ. ಅದರ ಮೇಲೆ ಹೊಸ ವಕೀಲರು ವಕಾಲತ್ತು ಹಾಕುತ್ತಾರೆ. ಹಳಬರು ಒಪ್ಪಿಗೆ ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಿ ಬದಲಾಯಿಸಬಹುದು.

ಫೀಸು ಬಾಕಿ ಇದೆ ಎಂಬ ಕಾರಣಕ್ಕೆ ಕೇಸಿನ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ತೀರ್ಪು ಕೊಟ್ಟಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿಯಿದೆ, ಕಡತ ನಿಮ್ಮದು. ವಂಚನೆ, ಹಣ ದುರುಪಯೋಗ, ಎದುರು ಪಕ್ಷದ ಜೊತೆ ಶಾಮೀಲಿನಂಥ ಗಂಭೀರ ವಿಷಯವಾದರೆ ವಕೀಲರ ಕಾಯ್ದೆ 1961ರ 35ನೇ ಪ್ರಕರಣದಡಿ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ದೂರಿನಲ್ಲಿ ಹುರುಳಿದೆಯೆಂದು ಕಂಡರೆ ಅದು ಶಿಸ್ತು ಸಮಿತಿಗೆ ಹೋಗುತ್ತದೆ. ಛೀಮಾರಿಯಿಂದ ಹಿಡಿದು ಸನ್ನದು ರದ್ದಾಗುವವರೆಗೆ ಶಿಕ್ಷೆಯಿದೆ. ಗ್ರಾಹಕ ಆಯೋಗಕ್ಕೆ ಮಾತ್ರ ಹೋಗಬೇಡಿ. ವಕೀಲರ ಸೇವೆ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೇಸು ಸೋತು ಮೇಲ್ಮನವಿಗೆ ವಕೀಲರನ್ನು ಬದಲಿಸುವ ಯೋಚನೆಯಿದ್ದರೆ ದಿನ ಎಣಿಸಿ. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ಮಟ್ಟದ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. ಆದರೆ ಆ ವಿನಾಯಿತಿ ಶುರುವಾಗುವುದು ನಕಲಿಗೆ ಅರ್ಜಿ ಹಾಕಿದ ದಿನದಿಂದ. ಹಾಗಾಗಿ ಹೊಸಬರು ಸಿಗಲಿ ಎಂದು ಕಾಯದೆ, ತೀರ್ಪು ಬಂದ ದಿನವೇ ಹಳೆಯ ವಕೀಲರಿಂದಲೇ ನಕಲಿಗೆ ಅರ್ಜಿ ಹಾಕಿಸಿಬಿಡಿ.